ಚನ್ನಪಟ್ಟಣದ ಗೊಂಬೆಗಳನ್ನು ನ್ಯೂಯಾರ್ಕಿನ ಆಟಿಕೆ ಮೇಳಕ್ಕೆ ಒಯ್ಯುತ್ತಿದ್ದೇನೆ. ಅಮೆರಿಕನ್ ವ್ಯಾಪಾರಿಗಳ ಹತ್ತಿರ ಹೇಗೆ ನಡೆದುಕೊಳ್ಳಬೇಕು, ಮಳಿಗೆಯಲ್ಲಿ ಏನು ಬರೆಸಬೇಕು?

ನಡವಳಿಕೆಯ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೇಳಿದ ಹೊತ್ತಿಗೆ ಸರಿಯಾಗಿ ಹಾಜರಿದ್ದರೆ ಆಯಿತು. ನಿಮಗಿಂತ ಚಿಕ್ಕವರು ಹೆಸರು ಹಿಡಿದು ಕರೆದರೆ ಬೇಜಾರು ಮಾಡಿಕೊಳ್ಳಬೇಡಿ. ಪೀಣ್ಯದ ಒಂದು ಕಾರ್ಖಾನೆಯ ಪರವಾಗಿ ನಾನು ಜಪಾನಿಗೂ ಅಮೆರಿಕಕ್ಕೂ ಓಡಾಡಿದವನು. ಜಪಾನಿನಲ್ಲಿ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟು, ಅವರದನ್ನು ಓದಿ, ಮೇಜಿನ ಮೇಲೆ ಮರ್ಯಾದೆಯಿಂದ ಇಟ್ಟುಕೊಳ್ಳಬೇಕು. ಅಮೆರಿಕದವರು ನೋಡಿಯೂ ನೋಡದ ಹಾಗೆ ಜೇಬಿಗೆ ಹಾಕಿಕೊಂಡು ಮಾತು ಶುರು ಮಾಡುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ.

ನನಗೆ ತಕರಾರಿರುವುದು ನಿಮ್ಮ ಬ್ಯಾನರ್ ಬಗ್ಗೆ. "ಟಿಪ್ಪು ಸುಲ್ತಾನನ ಕಾಲದ ಪರಂಪರೆ" ಎಂದು ದೊಡ್ಡದಾಗಿ ಬರೆಸುತ್ತೇನೆ ಎಂದಿದ್ದೀರಿ. ಮೂಲೆಯಲ್ಲಿ ಸಣ್ಣದಾಗಿ ಇರಲಿ ಬಿಡಿ, ಆದರೆ ತಲೆಬರಹ ಅದಾಗುವುದು ಬೇಡ.

ಜಪಾನಿನ ಸೋಯಾ ಸಾಸ್ ಕಂಪನಿ ಕಿಕ್ಕೋಮನ್ ಏನು ಮಾಡಿತು ನೋಡಿ. ಅದರ ಹಿಂದಿನ ಮನೆತನಗಳು ಹದಿನೇಳನೇ ಶತಮಾನದಿಂದ ನೋಡಾ ಊರಿನಲ್ಲಿ ಸೋಯಾ ಸಾಸ್ ತಯಾರಿಸಿಕೊಂಡು ಬಂದವು. ಹಳೆಯದೆಂದು ಹೆಮ್ಮೆ ಪಡುವ ಹಕ್ಕು ಅವರಿಗೆ ನಮಗಿಂತ ಜಾಸ್ತಿಯೇ ಇತ್ತು. 1957ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರಾಟದ ಕಚೇರಿ ತೆರೆದಾಗ, ಅಮೆರಿಕನ್ನರಿಗೆ ಜಪಾನೀ ಅಡುಗೆ ಕಲಿಸುವ ಉಸಾಬರಿಗೆ ಅವರು ಹೋಗಲಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲೇ ಮಾಂಸವನ್ನು ಸಾಸಿನಲ್ಲಿ ನೆನೆಸಿ ಸುಟ್ಟು, ಓಡಾಡುವವರ ಕೈಗೆ ಒಂದೊಂದು ತುಂಡು ಕೊಟ್ಟರು. ಯಾವ ಅಡುಗೆಗೂ ಹಾಕಬಹುದಾದ ಸಾಸ್ ಎಂದು ಹೇಳಿ ಮಾರಿದರು. ಭಾನುವಾರ ಹಿತ್ತಲಲ್ಲಿ ಹೇಗೂ ಮಾಂಸ ಸುಡುವವನಿಗೆ ಇನ್ನೊಂದು ಬಾಟಲಿ ಸೇರಿಸಿಕೊಳ್ಳುವುದು ಕಷ್ಟವೇ? 1973ರ ಹೊತ್ತಿಗೆ ವಿಸ್ಕಾನ್ಸಿನ್‌ನ ವಾಲ್‌ವರ್ತ್‌ನಲ್ಲಿ ಅವರದೇ ಕಾರ್ಖಾನೆ ಶುರುವಾಗಿತ್ತು. ಆ ಕಡೆಯಿಂದ ಈ ಕಡೆಗೆ ಬಂದ ಕೆಲಾಗ್ಸ್ 1990ರ ದಶಕದಲ್ಲಿ ಭಾರತದಲ್ಲಿ ಇದರ ತದ್ವಿರುದ್ಧ ಮಾಡಿತು. ಬೆಳಗ್ಗೆ ಬಿಸಿಬಿಸಿ ತಿಂಡಿ ತಿನ್ನುವವರಿಗೆ ತಣ್ಣನೆ ಹಾಲಿನ ಕಾರ್ನ್‌ಫ್ಲೇಕ್ಸ್ ತಿನ್ನಿಸಲು ಹೊರಟಿತು. ನಾವೋ, ಹಾಲು ಕಾಯಿಸಿ ಹಾಕಿಕೊಂಡು ಅದನ್ನು ಮುದ್ದೆ ಮಾಡಿದೆವು!

ಹಾಗಾಗಿ ನಿಮ್ಮ ಗೊಂಬೆಗೆ ಆ ಮನೆಯಲ್ಲಿ ಏನು ಕೆಲಸ ಎಂದು ಮೊದಲು ಯೋಚಿಸಿ. ರಾಜ ರಾಣಿಯರ ಜೋಡಿ ನಮಗೆ ಚಂದ, ಅವರಿಗೆ ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಪೇರಿಸುವ ಬಳೆಗಳು, ಗಿಲಕಿ, ದಾರ ಕಟ್ಟಿ ಎಳೆಯುವ ಬಂಡಿ, ಇವನ್ನು ಮುಂದಿನ ಸಾಲಿನಲ್ಲಿಡಿ. ಮಗುವಿನ ಎಷ್ಟನೇ ತಿಂಗಳಿಗೆ ಯಾವುದು ಎಂದು ಬರೆಯಿರಿ. ಮೇಳಕ್ಕೆ ಎರಡು ದಿನ ಮುಂಚೆಯೇ ಹೋಗಿ ಅಲ್ಲಿನ ಆಟಿಕೆ ಅಂಗಡಿಗಳಲ್ಲಿ ಸುಮ್ಮನೆ ನಿಂತು ನೋಡಿ: ಅಜ್ಜಿಯರು ಏನು ಎತ್ತಿಕೊಳ್ಳುತ್ತಾರೆ, ಡಬ್ಬದ ಹಿಂಭಾಗದಲ್ಲಿ ಏನು ಓದುತ್ತಾರೆ. ಇಡೀ ಪ್ರವಾಸದಲ್ಲಿ ಇದರಷ್ಟು ಲಾಭದ ಕೆಲಸ ಬೇರೆ ಇಲ್ಲ ಎಂದೇ ನನ್ನ ಲೆಕ್ಕ.

ಡಬ್ಬದ ಹಿಂಭಾಗ ಎಂದೆನಲ್ಲ, ಅಲ್ಲೇ ಇರುವುದು ಕಾನೂನು. ಆಲೆಮರ, ಅರಗು, ಅರಿಸಿನದ ಬಣ್ಣ, ಎಲ್ಲಾ ನೈಸರ್ಗಿಕ ಎಂದು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅಮೆರಿಕದ 2008ರ ಕಾಯ್ದೆಯ ಪ್ರಕಾರ 12 ವರ್ಷದವರೆಗಿನ ಮಕ್ಕಳ ವಸ್ತುವಿನ ಮೇಲ್ಮೈ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ದಾಟಬಾರದು. ಮೂರು ವರ್ಷದೊಳಗಿನವರ ಆಟಿಕೆಯಿಂದ ಗಂಟಲಿಗೆ ಸಿಕ್ಕಿಕೊಳ್ಳುವಂಥ ಚೂರು ಕಳಚಿ ಬರಬಾರದು. ಅವರ ಗ್ರಾಹಕ ಸುರಕ್ಷತಾ ಆಯೋಗ ಒಪ್ಪಿದ ಪ್ರಯೋಗಾಲಯಗಳು ಭಾರತದಲ್ಲೂ ಇವೆ. ಪರೀಕ್ಷೆ ಮಾಡಿಸಿ, ವರದಿಯ ಪ್ರತಿಗಳನ್ನು ಮೇಜಿನ ಮೇಲೇ ಇಟ್ಟುಕೊಳ್ಳಿ. ಆ ಕಾಗದ ಇಲ್ಲದಿದ್ದರೆ ಆಮದುದಾರ ಪ್ರಮಾಣಪತ್ರ ಕೊಡಲಾರ, ಮಾತು ಅಲ್ಲಿಗೇ ನಿಲ್ಲುತ್ತದೆ.

ಮಾತಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅವರು ಧಾರಾಳವಾಗಿ ಹೊಗಳುತ್ತಾರೆ. ಹತ್ತು ಜನ "ಅದ್ಭುತ" ಎಂದರೆಂದು ಊರಿಗೆ ಫೋನ್ ಮಾಡಿ ಮರ ತರಿಸಬೇಡಿ. ಕನಿಷ್ಠ ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ವಾರದಲ್ಲಿ ಕಳಿಸುತ್ತೀರಿ, ಬಾರ್‌ಕೋಡ್ ಇದೆಯಾ ಎಂದು ಕೇಳುವವರು ನಿಜವಾದ ಗಿರಾಕಿಗಳು. ಬೆಲೆ ಕೇಳಿದಾಗ ನಮ್ಮ ಕಡೆಯ ಹಾಗೆ "ನೋಡಿ ಹೇಳೋಣ ಬಿಡಿ ಸಾರ್" ಎಂದು ಎಳೆಯಬೇಡಿ, ಮುದ್ರಿಸಿದ ಪಟ್ಟಿ ಕೊಡಿ. ಅಂಗಡಿಯವರು ಸಾಮಾನ್ಯವಾಗಿ ಸಗಟು ಬೆಲೆಯ ದುಪ್ಪಟ್ಟಿಗೆ ಮಾರುತ್ತಾರೆ. ಆ ದುಪ್ಪಟ್ಟು ಬೆಲೆ ಅಲ್ಲಿನ ಕಪಾಟಿಗೆ ಒಗ್ಗುತ್ತದೆಯೇ ಎಂದು ಹಿಂದಿನಿಂದ ಲೆಕ್ಕ ಹಾಕಿಕೊಂಡು ಬನ್ನಿ. ಸುಂಕದ ದರ ಪದೇ ಪದೇ ಬದಲಾಗುತ್ತಿದೆ, ಹೊರಡುವ ಮುನ್ನ ಕಸ್ಟಮ್ಸ್ ಏಜೆಂಟರನ್ನು ಕೇಳಿ. 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ ಕೊನೆಗೆ ನಿಂತುಹೋಯಿತು, ಹಾಗಾಗಿ ಬಿಡಿಬಿಡಿಯಾಗಿ ಅಂಚೆಯಲ್ಲಿ ಕಳಿಸುವ ಯೋಚನೆಯಿದ್ದರೆ ಸುಂಕವನ್ನೂ ಬೆಲೆಗೆ ಸೇರಿಸಿ.

ವ್ಯಾಪಾರದ ಭೇಟಿಗೆ ಕೊಡುವ ಬಿ-1 ವೀಸಾದಲ್ಲಿ ಮಳಿಗೆ ಹಾಕಬಹುದು, ಇಲ್ಲಿ ತಯಾರಾಗುವ ಮಾಲಿಗೆ ಆರ್ಡರ್ ಪಡೆಯಬಹುದು. ಕೊನೆಯ ದಿನ ಉಳಿದ ಮಾದರಿಗಳನ್ನು ಅಲ್ಲೇ ನಗದಿಗೆ ಮಾರಿಬಿಡುವ ಆಸೆ ಮಾತ್ರ ಬೇಡ. ಆರ್ಡರಿನಲ್ಲಿ ದಿನಾಂಕ ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, 04/07 ನಮಗೆ ಜುಲೈ, ಅವರಿಗೆ ಏಪ್ರಿಲ್.