ಹೊರಗೆ 400, ಒಳಗೆ 461

ಪ್ರಶ್ನೆ: ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ನನ್ನ ಹತ್ತಿರ 1969ರ ಪಾಂಟಿಯಾಕ್ ಜಿಟಿಒ ಇದೆ. ಕಾರಿನ ಜೊತೆಗೇ ಬಂದ 400 ಘನ ಇಂಚಿನ ಎಂಜಿನ್ ಈಗ ನೀಲಿ ಹೊಗೆ ಬಿಡುತ್ತಿದೆ, ಆಯಿಲ್ ಕುಡಿಯುತ್ತಿದೆ. ಹೇಗೂ ಬಿಚ್ಚಲೇಬೇಕು, ಹಾಗೇ ಶಕ್ತಿಯನ್ನೂ ಹೆಚ್ಚಿಸೋಣ ಅಂತಿದ್ದೇನೆ. ಆದರೆ ಬಾನೆಟ್ ಎತ್ತಿದರೆ ಫ್ಯಾಕ್ಟರಿಯಿಂದ ಬಂದ ಹಾಗೇ ಕಾಣಬೇಕು. ಗೆಳೆಯರು ಹೊಗೆ ಹೊರಬಿಡುವ ಹೆಡರ್ ಪೈಪು, ಗಾಳಿ ಒಳಗೆ ಬಿಡುವ ಅಲ್ಯೂಮಿನಿಯಂ ಇನ್‌ಟೇಕ್ ಹಾಕಿಸು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಗೆಳೆಯರ ಮಾತು ಪಕ್ಕಕ್ಕಿಡಿ. ಗುಟ್ಟು ಮುಚ್ಚಿಡಲು ಪಾಂಟಿಯಾಕ್‌ನಷ್ಟು ಒಳ್ಳೆಯ ಎಂಜಿನ್ ಇನ್ನೊಂದಿಲ್ಲ. ಶೆವರ್ಲೆಯಲ್ಲಿ ಸ್ಮಾಲ್ ಬ್ಲಾಕ್, ಬಿಗ್ ಬ್ಲಾಕ್ ಅಂತ ಎರಡು ಜಾತಿ. ನೋಡಿದ ಕೂಡಲೇ ಗೊತ್ತಾಗುತ್ತದೆ. ಪಾಂಟಿಯಾಕ್ ಹಾಗಲ್ಲ. ಆ ಕಾಲದ 326ರಿಂದ 455ರವರೆಗೆ ಎಲ್ಲ ವಿ8ಗಳೂ ಹೊರಗಿನಿಂದ ಹೆಚ್ಚು ಕಡಿಮೆ ಒಂದೇ.

ಹಾಗಾಗಿ ದುಡ್ಡನ್ನೆಲ್ಲ ಒಳಗೆ ಹಾಕಿ. ನಿಮ್ಮ 400ರ ಬೋರ್ (ಸಿಲಿಂಡರಿನ ಅಗಲ) 4.12 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 3.75 ಇಂಚು. 455ರ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಂದು ಕೂರಿಸಲು ಆಗುವುದಿಲ್ಲ. ಅದರ ಮೇನ್ ಜರ್ನಲ್ (ಬ್ಲಾಕ್‌ನ ಬೇರಿಂಗ್‌ನಲ್ಲಿ ಕೂರುವ ಭಾಗ) 3.25 ಇಂಚು, ನಿಮ್ಮದು 3.00. ಆದರೆ ಇದೇ 3.00 ಇಂಚಿನ ಜರ್ನಲ್ ಇಟ್ಟು, ಸ್ಟ್ರೋಕ್ 4.25 ಇಂಚಿರುವ ಹೊಸ ಕ್ರ್ಯಾಂಕ್‌ಗಳು ಮಾರುಕಟ್ಟೆಯಲ್ಲಿವೆ. ಬೋರನ್ನು 0.035 ಇಂಚು ಹಿಗ್ಗಿಸಿದರೆ 461 ಘನ ಇಂಚಿನ ಎಂಜಿನ್ ರೆಡಿ. 1969ರಲ್ಲಿ ನಿಮ್ಮ ಎಂಜಿನ್‌ಗೆ ಕಂಪನಿ ಹೇಳಿಕೊಂಡದ್ದು 350 ಅಶ್ವಶಕ್ತಿ, 445 ಪೌಂಡ್-ಅಡಿ ಟಾರ್ಕ್. 461ರಲ್ಲಿ ಸೌಮ್ಯವಾದ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಇದ್ದರೂ ಟಾರ್ಕ್ 500 ದಾಟುವುದು ಕಷ್ಟವಲ್ಲ. ಟ್ರಾಫಿಕ್ ಸಿಗ್ನಲ್‌ನಿಂದ ಹೊರಡುವಾಗ ಬೇಕಾಗುವುದು ಅದೇ ತಾನೆ!

ಪಿಸ್ಟನ್‌ಗಳನ್ನು ಕ್ರ್ಯಾಂಕ್‌ಗೆ ಜೋಡಿಸುವ ಹಳೆಯ ಕನೆಕ್ಟಿಂಗ್ ರಾಡ್‌ಗಳನ್ನು ಮಾತ್ರ ಮತ್ತೆ ಹಾಕಿಸಬೇಡಿ. ಅವು ಎರಕದವು. ಈ ಎಂಜಿನ್‌ನ ದೊಡ್ಡ ದೌರ್ಬಲ್ಯವೇ ಅದು. ಬಡಿದು ಮಾಡಿದ ಫೋರ್ಜ್ಡ್ ರಾಡ್ ಹಾಕಿಸಿ.

ಇನ್ನು ಜಾಸ್ತಿ ಜನ ಎಡವುವ ಜಾಗ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತೇವೆ ಎಂಬ ಅನುಪಾತ. ನಿಮ್ಮ ಹೆಡ್‌ನ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಚೇಂಬರ್ ಸುಮಾರು 72 ಸಿಸಿ ಇರುತ್ತದೆ. 400ಕ್ಕೆ ಅದು ಸರಿ. 461ಕ್ಕೆ ಅದೇ ಹೆಡ್ ಇಟ್ಟು ಚಪ್ಪಟೆ ಪಿಸ್ಟನ್ ಹಾಕಿದರೆ ಅನುಪಾತ ಹನ್ನೊಂದೂವರೆ ದಾಟುತ್ತದೆ. ಬಂಕ್‌ನಲ್ಲಿ ಸಿಗುವ 93 ಆಕ್ಟೇನ್ ಪೆಟ್ರೋಲ್‌ಗೆ ಅದು ತಡೆಯುವುದಿಲ್ಲ. ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ಶುರುವಾಗಿ ಪಿಸ್ಟನ್ ಒಡೆಯುತ್ತದೆ. ನೆತ್ತಿಯಲ್ಲಿ ಸುಮಾರು 30 ಸಿಸಿ ತಗ್ಗಿರುವ ಪಿಸ್ಟನ್ ತರಿಸಿ, ಅನುಪಾತ ಒಂಬತ್ತೂವರೆಯ ಒಳಗೆ ನಿಲ್ಲುತ್ತದೆ. ಹೀಗೆ ಮಾಡಿದರೆ ಹಳೆಯ ಎರಕದ ಹೆಡ್‌ಗಳೇ ಸಾಕು, ಅವುಗಳ ಮೇಲಿನ ನಂಬರ್ ಕೂಡ ಉಳಿಯುತ್ತದೆ. ಅಲ್ಯೂಮಿನಿಯಂ ಹೆಡ್‌ಗೆ ಬಣ್ಣ ಬಳಿದು ಮರೆಮಾಚುವವರೂ ಇದ್ದಾರೆ. ನನಗೇಕೋ ಅದು ಇಷ್ಟವಿಲ್ಲ. ಹತ್ತಿರ ಬಂದು ನೋಡಿದವರಿಗೆ ಗೊತ್ತಾಗಿಬಿಡುತ್ತದೆ.

ಇನ್‌ಟೇಕ್ ಬದಲಿಸಲೇಬೇಡಿ. ಪಾಂಟಿಯಾಕ್‌ನ ಕಬ್ಬಿಣದ ಇನ್‌ಟೇಕ್ ಭಾರ ನಿಜ, ಆದರೆ ಗಾಳಿ ಬಿಡುವುದರಲ್ಲಿ ಅಷ್ಟೇ ಜಾಣ. ಕ್ವಾಡ್ರಾಜೆಟ್ ಕಾರ್ಬೊರೇಟರ್ ಕೂಡ ಅಷ್ಟೆ, ಬಲ್ಲವರ ಕೈಲಿ ಜೆಟ್ (ಪೆಟ್ರೋಲ್ ಬಿಡುವ ರಂಧ್ರ) ಸರಿಮಾಡಿಸಿದರೆ 461ಕ್ಕೂ ಸಾಲುತ್ತದೆ. ಹೆಡರ್ ಬದಲು ರಾಮ್ ಏರ್ (ಪಾಂಟಿಯಾಕ್‌ನ ಹೆಚ್ಚು ಶಕ್ತಿಯ ಆವೃತ್ತಿ) ಮಾದರಿಯ, ಉದ್ದ ಕವಲಿನ ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಾಕಿಸಿ. ಹಳೆಯ ಅಚ್ಚಿನಂತೆಯೇ ಹೊಸದಾಗಿ ಮಾಡಿದವು ಸಿಗುತ್ತವೆ. ಕಂಪನಿಯೇ ಆ ವರ್ಷ ರಾಮ್ ಏರ್ ಜಿಟಿಒಗಳಿಗೆ ಹಾಕಿದ್ದರಿಂದ ಯಾರೂ ತಕರಾರು ತೆಗೆಯುವುದಿಲ್ಲ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಒಳಗಿನ ಪಾಯಿಂಟ್ (ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಕಿಟ್ ಕೂರಿಸಿ. ಕ್ಯಾಪ್ ಮುಚ್ಚಿದರೆ ಮುಗಿಯಿತು.

ಕಣ್ಣಿಗೆ ಮಣ್ಣೆರಚಬಹುದು, ಕಿವಿಗೆ ಆಗುವುದಿಲ್ಲ. ದೊಡ್ಡ ಕ್ಯಾಮ್ ಹಾಕಿದರೆ ಐಡಲ್‌ನಲ್ಲಿ (ಕಾರು ನಿಂತಲ್ಲೇ ಓಡುವಾಗ) ಎಂಜಿನ್ ಕುಂಟುತ್ತದೆ, ಪಕ್ಕದ ಬೀದಿಯವರಿಗೂ ಗೊತ್ತಾಗುತ್ತದೆ. ವ್ಯಾಕ್ಯೂಮ್ ಕಡಿಮೆಯಾಗಿ ಪವರ್ ಬ್ರೇಕ್ ಕೈಕೊಡುತ್ತದೆ. ಅದಕ್ಕೇ ಸೌಮ್ಯವಾದ ಕ್ಯಾಮ್ ಅಂದದ್ದು.

ಬ್ಲಾಕ್ ಬೋರ್ ಮಾಡಿಸುವ ಮೊದಲು ಸಿಲಿಂಡರ್ ಗೋಡೆಯ ದಪ್ಪ ಅಳೆಸಿ. ಹಿಗ್ಗಿಸಿದ್ದನ್ನು ಮತ್ತೆ ಕುಗ್ಗಿಸಲಾಗುವುದಿಲ್ಲ ಅಲ್ವಾ? ಒಂದು ಸಮಾಧಾನ: ಶೆವರ್ಲೆಯಲ್ಲಿ ಎಂಜಿನ್ ನಂಬರ್ ಡೆಕ್‌ನ (ಬ್ಲಾಕ್‌ನಲ್ಲಿ ಹೆಡ್ ಕೂರುವ ಮೇಲ್ಮೈ) ಮೇಲೆಯೇ ಇರುವುದರಿಂದ ಡೆಕ್ ಸವರಿದರೆ ಅಳಿಸಿಹೋಗುತ್ತದೆ. ಪಾಂಟಿಯಾಕ್‌ನಲ್ಲಿ ಬ್ಲಾಕ್‌ನ ಮುಂದಿನ ಮುಖದಲ್ಲಿ ಒತ್ತಿರುತ್ತಾರೆ. ಆದರೂ ಕೆಲಸಕ್ಕೆ ಕೊಡುವ ಮುನ್ನ ಫೋಟೊ ತೆಗೆದಿಡಿ. ಹಳೆಯ ಕ್ರ್ಯಾಂಕ್‌ಗೆ ಎಣ್ಣೆ ಸವರಿ ಸುತ್ತಿ ಎತ್ತಿಡಿ. ಮಾರುವ ದಿನ ಬಂದರೆ ಕೊಳ್ಳುವವರಿಗೆ ಒಳಗಿರುವುದನ್ನು ಹೇಳಿ, ಆ ಕ್ರ್ಯಾಂಕನ್ನೂ ಕೈಗೆ ಕೊಡಿ.

ಕೊನೆಗೆ ಬಣ್ಣ. 1969ಕ್ಕೆ ಮೆಟಾಲಿಕ್ ತಿಳಿ ನೀಲಿ. ಎಕ್ಸಾಸ್ಟ್ ಪೋರ್ಟ್ ಹತ್ತಿರ ಅದು ಸುಟ್ಟುಹೋಗುತ್ತದೆ. ಹೋಗಲಿ ಬಿಡಿ, ಆ ಕಾಲದಲ್ಲೂ ಹಾಗೇ ಆಗುತ್ತಿತ್ತು.

ಪ್ರಶ್ನೆ: ನನ್ನದೂ ಪಾಂಟಿಯಾಕ್ 400. ರಿಪೇರಿ ಮಾಡಿಸಿ ಒಂದು ವಾರಕ್ಕೇ ಹೊಸ ಕ್ಯಾಮ್ ಸವೆದುಹೋಯಿತು. ಗ್ಯಾರೇಜಿನವರು ಸ್ಟಾರ್ಟ್ ಮಾಡಿ ಅರ್ಧ ಗಂಟೆ ಐಡಲ್‌ನಲ್ಲಿ ಬಿಟ್ಟಿದ್ದರು.

ಉತ್ತರ: ಅದೇ ಕಾರಣ ಇರಬೇಕು. ಉಜ್ಜಿಕೊಂಡೇ ಓಡುವ ಫ್ಲಾಟ್ ಟ್ಯಾಪೆಟ್ ಕ್ಯಾಮ್‌ಗೆ ಐಡಲ್‌ನಲ್ಲಿ ಸಾಕಷ್ಟು ಆಯಿಲ್ ಚಿಮ್ಮುವುದಿಲ್ಲ. ಮೊದಲ 20–30 ನಿಮಿಷ 2000ದಿಂದ 2500 ಆರ್‌ಪಿಎಂನಲ್ಲಿ ಓಡಿಸಬೇಕು. ಈಗಿನ ಮಾಮೂಲಿ ಆಯಿಲ್‌ನಲ್ಲಿ ಸವೆತ ತಡೆಯುವ ಜಿಂಕ್ ಕೂಡ ಕಡಿಮೆ, ಜಿಂಕ್ ಜಾಸ್ತಿ ಇರುವುದನ್ನೇ ಹಾಕಿ. ಇಲ್ಲವೇ ಉಜ್ಜುವ ಬದಲು ಉರುಳುವ ಹೈಡ್ರಾಲಿಕ್ ರೋಲರ್ ಕ್ಯಾಮ್‌ಗೆ ಹೋಗಿ. ದುಬಾರಿ, ಆದರೆ ಈ ತಲೆನೋವಿಲ್ಲ, ಹೊರಗೆ ಕಾಣಿಸುವುದೂ ಇಲ್ಲ. ಸುಮ್ನೆ ಕ್ಯಾಮ್ ಒಂದನ್ನೇ ಬದಲಿಸಿ ಮುಚ್ಚಿಬಿಡಬೇಡಿ. ಸವೆದ ಕಬ್ಬಿಣದ ಪುಡಿ ಬೇರಿಂಗ್‌ಗಳಿಗೆ ಸೇರಿರುತ್ತದೆ. ಎಂಜಿನ್ ಪೂರ್ತಿ ಬಿಚ್ಚಿ ತೊಳೆಸಲೇಬೇಕು.