ಬಿ ಒತ್ತಿದ್ರೆ ಫ್ಲಾಟ್ ಬರುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ ನಮಸ್ಕಾರ. ಕೀಬೋರ್ಡ್ ಕಲೀತಿದೀನಿ, ಈ ಸಲ ಥಿಯರಿ ಪರೀಕ್ಷೆ ಕಟ್ಟಿದೀನಿ. ಮ್ಯೂಸ್‌ಸ್ಕೋರ್ ಅನ್ನೋ ಸಂಗೀತ ಬರೆಯೋ ಸಾಫ್ಟ್‌ವೇರ್‌ನಲ್ಲಿ ಒಂದು ಟ್ಯೂನ್ ಟೈಪ್ ಮಾಡಿ ಅದರ ಕೆಳಗೆ ಕಾರ್ಡ್ಸ್‌ಗೆ, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪಿಗೆ, ಅದು ಸ್ಕೇಲಿನ ಎಷ್ಟನೇ ಸ್ವರದ್ದು ಅಂತ ತೋರಿಸೋ ರೋಮನ್ ಅಂಕಿ ಹಾಕ್ಬೇಕು. ಪುಸ್ತಕದಲ್ಲಿ ದೊಡ್ಡ ವಿ (ರೋಮನ್ ಐದು) ಪಕ್ಕ ಸಣ್ಣ ಬಿ ಅಂತ ಐತೆ, ನಾನು ಹಂಗೇ ಹೊಡೆದ್ರೆ ಬಿ ಬರಲ್ಲ, ಸ್ವರವನ್ನ ಅರ್ಧ ಮೆಟ್ಟಿಲು ಇಳಿಸೋ ಫ್ಲಾಟ್ ಗುರುತು ಬರುತ್ತೆ. ನಮ್ಮ ಸರ್ ಕೊಟ್ಟ ಇನ್ನೊಂದು ಹಾಳೇಲಿ ವಿ ಪಕ್ಕ 4, ಅದರ ಕೆಳಗೆ 2 ಐತೆ, ಅದನ್ನ ಹೆಂಗೆ ಹಾಕೋದು ಗೊತ್ತಾಗ್ತಿಲ್ಲ. ನಮ್ಮಣ್ಣ ವರ್ಡ್‌ನಲ್ಲಿ ಮಾಡಿ ಅಂಟಿಸು ಅಂತಾನೆ.
ಒಬ್ಬ ಓದುಗರು, ವಿನೋಬನಗರ, ದಾವಣಗೆರೆ

ಉತ್ತರ: ಅಣ್ಣನ ಮಾತು ಮಾತ್ರ ಕೇಳ್ಬೇಡ್ರಿ. ನಾನೂ ಮೊದಮೊದಲು ಅಂಕಿಗಳನ್ನೆಲ್ಲ ಸ್ಟಾಫ್ ಟೆಕ್ಸ್ಟ್ ಅನ್ನೋ ಮಾಮೂಲಿ ಬರಹವಾಗಿ ಹಾಕಿ ಮೌಸಲ್ಲಿ ಒಂದೊಂದೇ ಎಳೆದು ಕೆಳಗೆ ತಂದು ಕೂರಿಸ್ತಿದ್ದೆ, ಆಮೇಲೆ ಮಧ್ಯ ಎಲ್ಲೋ ಒಂದು ಬಾರ್, ಅಂದ್ರೆ ಎಣಿಕೆಯ ಒಂದು ಮನೆ, ಸೇರಿಸ್ಬೇಕಾಗಿ ಬಂತು, ಸಾಲು ಮುರಿದು ಅಂಕಿಗಳು ಒಂದು ಮೇಲೆ ಒಂದು ಕೆಳಗೆ ಆಗಿ ರಾತ್ರಿ ಎಲ್ಲಾ ಕೂತು ಮತ್ತೆ ಜೋಡಿಸಿದೀನಿ.

ನಿಮ್ಮ ತಪ್ಪೇನೂ ಇಲ್ಲ ಇದ್ರಲ್ಲಿ. ನಿಮ್ಮ ಕೈಲಿ ಎರಡು ಬೇರೆ ಬೇರೆ ಪದ್ಧತಿ ಅವೆ, ಸಾಫ್ಟ್‌ವೇರ್‌ಗೆ ಗೊತ್ತಿರೋದು ಅದ್ರಲ್ಲಿ ಒಂದು. ಬ್ರಿಟಿಷ್ ಪುಸ್ತಕಗಳಲ್ಲಿ ಕಾರ್ಡಿನ ಎರಡನೇ ಸ್ವರ ಬೇಸ್‌ನಲ್ಲಿದ್ರೆ, ಅಂದ್ರೆ ಎಲ್ಲಕ್ಕಿಂತ ಕೆಳಗಿದ್ರೆ ಬಿ, ಮೂರನೇದಿದ್ರೆ ಸಿ ಅಂತ ಬರೀತಾರೆ. ನಿಮ್ಮ ಸರ್ ಹಾಳೇಲಿರೋದು ಹಳೇ ಫಿಗರ್ಡ್ ಬೇಸ್‌ನಿಂದ ಬಂದ ಅಂಕಿಗಳು, ಬೇಸ್ ಸ್ವರದಿಂದ ಎಣಿಸಿದ್ರೆ ಮೇಲಿನ ಸ್ವರ ಎಷ್ಟನೇದು ಅಂತ ಅವು ಹೇಳ್ತಾವೆ. ಮ್ಯೂಸ್‌ಸ್ಕೋರ್‌ನ ರೋಮನ್ ಅಂಕಿಯನ್ನ ಈ ಎರಡನೇ ಪದ್ಧತಿ ನೋಡ್ಕೊಂಡು ಮಾಡಿದಾರೆ.

ಮೊದ್ಲು ಸರ್ ಹಾಳೆ ನೋಡೋಣ. ಸ್ವರ ಸೆಲೆಕ್ಟ್ ಮಾಡಿ, ಆಡ್ ಮೆನು, ಟೆಕ್ಸ್ಟ್, ಅದರೊಳಗೆ ರೋಮನ್ ನ್ಯೂಮರಲ್ ಅನಾಲಿಸಿಸ್. 2019ರಲ್ಲಿ ಬಂದ 3.3 ಆವೃತ್ತಿಯಿಂದ ಇದು ಐತೆ, ಅದಕ್ಕಿಂತ ಹಳೇದು ಹಾಕ್ಕೊಂಡಿದ್ರೆ ಹೊಸದು ಇಳಿಸ್ಕೊಳ್ರಿ, ದುಡ್ಡೇನೂ ಕೊಡ್ಬೇಕಿಲ್ಲ. ನುಡಿ ಆನ್ ಇದ್ರೆ ಆಫ್ ಮಾಡ್ರಿ, ಇಂಗ್ಲಿಷ್ ಅಕ್ಷರಾನೇ ಬೀಳ್ಬೇಕು. ಈಗ ದೊಡ್ಡ ವಿ, 4, 2 ಅಂತ ಬಿಡದೆ ಹೊಡೀರಿ, ನಡುವೆ ಸ್ಪೇಸ್ ಬೇಡ, 4 ಮೇಲೆ 2 ಕೆಳಗೆ ತಾನೇ ಕೂರುತ್ತೆ. ಸ್ಪೇಸ್ ಒತ್ತಿದ್ರೆ ಮುಂದಿನ ಸ್ವರಕ್ಕೆ ಹೋಗುತ್ತೆ, ಅಲ್ಲಿ ದೊಡ್ಡ ಐ, 6.

ಈ ಎರಡು ಕಾರ್ಡನ್ನ ಟೈಪ್ ಮಾಡೋ ಮುಂಚೆ ಒಂದ್ಸಲ ಕೀಬೋರ್ಡಲ್ಲಿ ನುಡಿಸಿ ನೋಡ್ರಿ, ಯಾಕಂದ್ರೆ ಅಂಕಿ ಕಿವಿಗೆ ಬೀಳದೆ ಬರೀ ಕಣ್ಣಿಗೆ ಕಂಡ್ರೆ ಪರೀಕ್ಷೆ ಮುಗಿದ ಮಾರನೇ ದಿನ ಮರೆತು ಹೋಗುತ್ತೆ. ಸಿ ಮೇಜರ್ ತಗೊಳ್ರಿ, ಸಿ ಅನ್ನೇ ಸ ಅಂದ್ಕೊಂಡ್ರೆ ನಮ್ಮ ಶಂಕರಾಭರಣದ ಸ್ವರಗಳೇ. ಬಲಗೈಲಿ ಪ ನಿ ರಿ, ಎಡಗೈಲಿ ಮ. ಆ ಮ ಅಲ್ಲಿ ನಿಲ್ಲಲ್ಲ, ಗಕ್ಕೆ ಇಳಿಯೋಕೆ ಎಳೆಯುತ್ತೆ, ನಿ ಮೇಲಿನ ಸಕ್ಕೆ ಏರುತ್ತೆ. ಹಂಗೆ ಇಳಿದಾಗ ಬೇಸ್‌ನಲ್ಲಿ ಗ ಇರೋ ಒಂದನೇ ಕಾರ್ಡ್ ಆಯ್ತು, ಅದೇ ಐ ಪಕ್ಕದ 6. ಮದಿಂದ ಎಣಿಸಿದ್ರೆ ನಿ ನಾಲ್ಕನೇದು, ಪ ಎರಡನೇದು, ಅದಕ್ಕೇ 4, 2. ನನಗಂತೂ ಇದು ತಿಳಿದ ದಿನ ಆದ ಖುಷಿ ಇನ್ನೂ ನೆನಪೈತೆ.

ಉಳಿದ ಗುರುತುಗಳೂ ಕೀಲಿಯಲ್ಲೇ ಅವೆ. ಮೈನರ್ ಆದ್ರೆ ಸಣ್ಣ ಅಕ್ಷರ, ಎರಡನೇ ಕಾರ್ಡಿಗೆ ಸಣ್ಣ ಐ ಎರಡು ಸಲ. ಡಿಮಿನಿಶ್ಡ್ ಅನ್ನೋ ಕಾರ್ಡಿನ ಸೊನ್ನೆಗುರುತಿಗೆ ಸಣ್ಣ ಓ ಅಕ್ಷರ, ಅಡ್ಡಗೆರೆ ಇರೋ ಹಾಫ್ ಡಿಮಿನಿಶ್ಡ್‌ಗೆ ಅಂಕಿ ಸೊನ್ನೆ, ಇವೆರಡನ್ನ ಅದಲು ಬದಲು ಮಾಡ್ಕೋಬೇಡ್ರಿ. ಶಾರ್ಪ್‌ಗೆ ಹ್ಯಾಶ್. ಫ್ಲಾಟ್‌ಗೆ ಬಿ.

ನಿಮ್ಮ ಬಿ ಹೋಗಿದ್ದು ಅಲ್ಲೇ. ಆ ಜಾಗಕ್ಕೆ ಅಂತಲೇ ಇರೋ ಕ್ಯಾಂಪೇನಿಯಾ ಅನ್ನೋ ಫಾಂಟು ಬಿ ಅಕ್ಷರಾನ ಫ್ಲಾಟ್ ಮಾಡಿ ತೋರಿಸುತ್ತೆ. ಹಂಗಾಗಿ ಪುಸ್ತಕದ ಪದ್ಧತೀಲಿ ಬರೆಯೋ ಫೈಲಿನಲ್ಲಿ ಫಾರ್ಮ್ಯಾಟ್, ಸ್ಟೈಲ್, ಟೆಕ್ಸ್ಟ್ ಸ್ಟೈಲ್ಸ್ ಅಂತ ಹೋಗಿ ರೋಮನ್ ನ್ಯೂಮರಲ್ ಅನಾಲಿಸಿಸ್ ಆರಿಸಿ ಫಾಂಟ್ ಬದಲಿಸಿ ಯಾವುದಾದ್ರೂ ಮಾಮೂಲಿ ಫಾಂಟ್ ಕೊಡ್ರಿ, ಬಿ ಬಿಯಾಗೇ ಬರುತ್ತೆ. ಆದ್ರೆ ಅಂಕಿ ಒಂದರ ಮೇಲೊಂದು ಕೂರೋದೂ ಆ ಫಾಂಟಿನದೇ ಕೆಲಸ, ಅದು ಹೋಗುತ್ತೆ, ಹಂಗಾಗಿ ಎರಡು ಪದ್ಧತಿಗೂ ಎರಡು ಬೇರೆ ಫೈಲ್ ಇಟ್ಕೊಳ್ರಿ. ಈ ಬದಲಾವಣೆ ಆ ಫೈಲಿಗಷ್ಟೇ ತಾಗೋದು.

ಕೆಲವರು ಕಂಟ್ರೋಲ್ ಎಲ್ ಒತ್ತಿ ಹಾಡಿನ ಸಾಹಿತ್ಯದ ಜಾಗದಲ್ಲಿ ಅಂಕಿ ಹಾಕ್ತಾರೆ. ಆಗುತ್ತೆ, ಆದ್ರೆ ಸಾಹಿತ್ಯ ಸ್ವರಕ್ಕೆ ಮಾತ್ರ ಅಂಟ್ಕೊಳ್ಳೋದು, ಒಂದೇ ಸ್ವರ ನಾಲ್ಕು ಎಣಿಕೆ ನಿಂತಿರುವಾಗ ಮೂರನೇ ಎಣಿಕೇಲಿ ಕಾರ್ಡ್ ಬದಲಾದ್ರೆ ಅಲ್ಲಿ ಬರೆಯೋಕೆ ಜಾಗ ಇರಲ್ಲ, ಅದಕ್ಕೆ ನಾನು ಹೇಳ್ಕೊಡಲ್ಲ.

ಪ್ರಿಂಟ್ ತೆಗೆಸೋಕೆ ಪಿ.ಜೆ. ಬಡಾವಣೆ ಕಡೆ ಜೆರಾಕ್ಸ್ ಅಂಗಡಿಗೆ ಹೋಗೋದಾದ್ರೆ ಮನೇಲೇ ಪಿಡಿಎಫ್ ಮಾಡ್ಕೊಂಡು ಹೋಗ್ರಿ, ಮ್ಯೂಸ್‌ಸ್ಕೋರ್ ಫೈಲ್ ಅವರ ಕಂಪ್ಯೂಟರಲ್ಲಿ ತೆರೆಯಲ್ಲ.