ಅಕ್ಕಿ ಪಾಯಸ ಕೆನೆಕೆನೆಯಾಗಿ ಬರಲು ಕಂಡೆನ್ಸ್ಡ್ ಮಿಲ್ಕ್ ಎಷ್ಟು ಹಾಕಬೇಕು?

ಹಾಕಲೇಬೇಡಿ. ‘ಹಾಲು ಗಟ್ಟಿಯಾಗುತ್ತೆ, ಆದರೂ ಅಕ್ಕಿ ಬೇರೆ, ಹಾಲು ಬೇರೆ’ ಅಂತ ಬರೆದಿದ್ದೀರಿ. ನನ್ನ ಮಗನ ಅನ್ನಪ್ರಾಶನದ ದಿನ ನನ್ನ ಪಾತ್ರೆಯಲ್ಲಿದ್ದದ್ದೂ ಅದೇ.

ಮಗುವಿನ ಬಾಯಿಗೆ ಮೊದಲು ಬೀಳುವ ತುತ್ತು ನಾನೇ ಮಾಡಿದ್ದಾಗಿರಬೇಕು ಅನ್ನುವ ಆಸೆ ನನಗೆ. ಅಡುಗೆಯವರಿಗೆ ಬೇಡ ಅಂದು, ಅಕ್ಕಿ ತೊಳೆದು ನೇರವಾಗಿ ಹಾಲಿಗೇ ಹಾಕಿ ಕುದಿಸಿದೆ. ಅಕ್ಕಿ ಮುಕ್ಕಾಲು ಬೆಂದಿರುವಾಗ, ಮುಹೂರ್ತ ಹತ್ತಿರ ಬಂತು ಅಂತ ಒಳಗಿಂದ ಕೂಗು. ಸಕ್ಕರೆ ಈಗಲೇ ಹಾಕಿಬಿಟ್ಟರೆ ಎರಡೂ ಒಟ್ಟಿಗೆ ಆಗುತ್ತವೆ ಅಂತ ಸುರಿದೆ. ಕೆಟ್ಟದ್ದು ಅಲ್ಲೇ. ಆಮೇಲೆ ಎಷ್ಟು ಕುದಿಸಿದರೂ ಹಾಲು ಇಂಗಿತು, ಬಣ್ಣ ಕೆಂಪಗಾಯಿತು, ಕಾಳಿನ ನಡುವಿನ ಗಟ್ಟಿ ಮಾತ್ರ ಹೋಗಲಿಲ್ಲ. ಅತ್ತೆ ಒಂದು ಕಾಳು ಹಿಸುಕಿ ನೋಡಿ, ‘ಸಕ್ಕರೆ ಬಿದ್ದ ಮೇಲೆ ಅಕ್ಕಿ ಬೇಯಲ್ಲಮ್ಮ, ಇದನ್ನ ಮಗೂಗೆ ಕೊಡೋದು ಬೇಡ’ ಅಂದರು. ಕೊನೆಗೆ ಮಗುವಿಗೆ ತಿನ್ನಿಸಿದ್ದು ಕಿವುಚಿದ ಅನ್ನ, ತುಪ್ಪ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಅತ್ತೆಯ ಮಾತಿಗೆ ಕಾರಣವಿದೆ. ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಿದರೇ ಬೇಯುವುದು. ಸಕ್ಕರೆ ಆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಪಿಷ್ಟ ಉಬ್ಬಲು ಬೇಕಾದ ಶಾಖವೂ ಹೆಚ್ಚುತ್ತದೆ. ಕುಕ್ಕರಿನಲ್ಲಿ ಎಲ್ಲ ಒಟ್ಟಿಗೆ ಹಾಕಿ ಮಾಡುವವರಿದ್ದಾರಲ್ಲ ಅಂದೀರಿ. ಅಲ್ಲಿ ಒತ್ತಡದಿಂದ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ, ತೆರೆದ ಪಾತ್ರೆಯಲ್ಲಿ 100 ದಾಟುವುದೇ ಕಷ್ಟ. ಕಂಡೆನ್ಸ್ಡ್ ಮಿಲ್ಕ್ ಅಂದರೆ ನೀರು ಇಂಗಿಸಿದ ಹಾಲು, ಜೊತೆಗೆ ಹೇರಳವಾಗಿ ಸಕ್ಕರೆ. ಬೇಯದ ಅಕ್ಕಿಗೆ ಅದನ್ನು ಹಾಕುವುದೂ ಒಂದೇ, ನಾನು ಅವತ್ತು ಮಾಡಿದ್ದೂ ಒಂದೇ. ಕಸ್ಟರ್ಡ್ ಪೌಡರ್ ಕೂಡ ಬೇಡ. ಅದರಲ್ಲಿರುವುದು ಮುಖ್ಯವಾಗಿ ಮೆಕ್ಕೆಜೋಳದ ಪಿಷ್ಟ. ನಿಮ್ಮ ಅಕ್ಕಿಯಲ್ಲೇ ಪಿಷ್ಟ ಇದೆ, ಅದು ಹಾಲಿಗೆ ಬಿಡುವಷ್ಟು ಬೇಯಿಸಿ.

ಕಾಲು ಕಪ್ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ, ಒಂದು ಕಪ್ ನೀರಿನಲ್ಲಿ ಬೇಯಿಸಿ. ಬೆರಳಿನ ನಡುವೆ ಒತ್ತಿದರೆ ಕಾಳು ಪೂರ್ತಿ ನುಣ್ಣಗಾಗಬೇಕು, ನಡುವೆ ಬಿಳಿ ಚುಕ್ಕೆಯೂ ಉಳಿಯಬಾರದು. ಆಮೇಲೆ ಒಂದು ಲೀಟರ್ ಗಟ್ಟಿ ಹಾಲು, ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮುಕ್ಕಾಲು ಗಂಟೆ ಹಿಡಿಯುತ್ತದೆ, ಅವಸರ ಬೇಡ. ಪಕ್ಕಕ್ಕೆ ಕಟ್ಟುವ ಕೆನೆಯನ್ನು ಸೌಟಿನಿಂದ ಕೆರೆದು ಒಳಗೆ ಸೇರಿಸುತ್ತಿರಿ, ನೀವು ಹುಡುಕುತ್ತಿರುವ ರುಚಿ ಅದೇ. ಅರ್ಧ ಕಪ್ ಸಕ್ಕರೆ ಕೊನೆಗೆ. ಹಾಕಿದ ತಕ್ಷಣ ಪಾಯಸ ನೀರಾಗುತ್ತದೆ, ಹೆದರಬೇಡಿ, ಹತ್ತು ನಿಮಿಷದಲ್ಲಿ ಕೂಡಿಕೊಳ್ಳುತ್ತದೆ. ಆರಿದಂತೆ ಇನ್ನೂ ಗಟ್ಟಿಯಾಗುವುದರಿಂದ, ನಿಮಗೆ ಬೇಕಾದುದಕ್ಕಿಂತ ತುಸು ತೆಳ್ಳಗಿರುವಾಗಲೇ ಇಳಿಸಿ.

ಬಾಸ್ಮತಿ ನನಗೆ ಪಾಯಸಕ್ಕೆ ಒಗ್ಗುವುದಿಲ್ಲ, ಉದುರುದುರಾಗಿ ನಿಲ್ಲುತ್ತದೆ. ಜೀರಿಗೆ ಸಣ್ಣ ಅಥವಾ ಗಂಧಸಾಲೆಯಂಥ ಘಮಘಮಿಸುವ ಅಕ್ಕಿ ಸಿಕ್ಕರೆ ಬಿಡಬೇಡಿ, ಏಲಕ್ಕಿಯೂ ಬೇಕಾಗುವುದಿಲ್ಲ. ಸಿಗದಿದ್ದರೆ ಸೋನಾ ಮಸೂರಿ ಸಾಕು. ಗೋಡಂಬಿ, ದ್ರಾಕ್ಷಿ ನಿಮ್ಮ ಇಷ್ಟ. ಬೆಲ್ಲ ಹಾಕುವುದಾದರೆ ಕರಗಿಸಿ, ಸೋಸಿ, ಆರಿಸಿಟ್ಟು, ಪಾಯಸವನ್ನೂ ಒಲೆಯಿಂದ ಇಳಿಸಿ ಬಿಸಿ ಇಳಿದ ಮೇಲೆ ಬೆರೆಸಿ. ಬೆಲ್ಲದಲ್ಲಿ ತುಸು ಹುಳಿಯ ಅಂಶ ಇರುತ್ತದೆ, ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯಬಹುದು.